ಫ್ರಿಟ್ಜ್ ಝ್ವಿಕಿ

ಫ್ರಿಟ್ಜ್ ಝ್ವಿಕಿ (14 ಫೆಬ್ರುವರಿ 1898 – 8 ಫೆಬ್ರುವರಿ 1974) ಸ್ವಿಟ್ಜರ್‌ಲೆಂಡಿನ ಭೌತವಿಜ್ಞಾನಿ ಮತ್ತು ಖಗೋಳವಿಜ್ಞಾನಿ. ತಮ್ಮ ವೃತ್ತಿಜೀವನದ ಬಹುಭಾಗವನ್ನು ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ (ಕ್ಯಾಲ್‌ಟೆಕ್) ಕಳೆದರು. ಸೂಪರ್‌ನೋವಾಗಳನ್ನು ಸಾಮಾನ್ಯ ನೋವಾಗಳಿಂದ ಬೇರ್ಪಡಿಸಿ ತೋರಿಸಿದವರಲ್ಲಿ, ಅವುಗಳನ್ನು ದೂರದರ್ಶಕದ ಮೂಲಕ ಯೋಜನಾಬದ್ಧವಾಗಿ ಹುಡುಕುವ ಪದ್ಧತಿಯನ್ನು ಆರಂಭಿಸಿದವರಲ್ಲಿ ಇವರು ಪ್ರಮುಖರು. ನ್ಯೂಟ್ರಾನ್ ನಕ್ಷತ್ರ, ಕೃಷ್ಣದ್ರವ್ಯ, ಗೆಲಾಕ್ಸಿಗಳ ಗುರುತ್ವ ಮಸೂರ ಈ ಮೂರರ ಬಗೆಗೂ ಇವರು 1930ರ ದಶಕದಲ್ಲೇ ಬರೆದಿದ್ದರು. ಆ ಕಲ್ಪನೆಗಳು ವಿಜ್ಞಾನ ಲೋಕದ ಒಪ್ಪಿಗೆ ಪಡೆಯಲು ಮೂರು ನಾಲ್ಕು ದಶಕಗಳು ಹಿಡಿದವು. ಸುಮಾರು 120 ಸೂಪರ್‌ನೋವಾಗಳನ್ನು ಪತ್ತೆಹಚ್ಚಿದ ಕೀರ್ತಿ ಇವರದು. ಒಬ್ಬ ವ್ಯಕ್ತಿಯ ಹೆಸರಿನಲ್ಲಿದ್ದ ಈ ದಾಖಲೆ ಇವರು ತೀರಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷಗಳವರೆಗೆ ಉಳಿದಿತ್ತು.

ಜನನ ಮತ್ತು ವಿದ್ಯಾಭ್ಯಾಸ

ಝ್ವಿಕಿ ಹುಟ್ಟಿದ್ದು ಕಪ್ಪು ಸಮುದ್ರದ ತೀರದಲ್ಲಿರುವ ಬಲ್ಗೇರಿಯಾದ ವಾರ್ನಾ ನಗರದಲ್ಲಿ. ತಂದೆ ಫ್ರಿಡೋಲಿನ್ ಝ್ವಿಕಿ ಸ್ವಿಟ್ಜರ್‌ಲೆಂಡಿನ ಗ್ಲಾರಸ್ ಪ್ರಾಂತ್ಯದವರು. ವ್ಯಾಪಾರಕ್ಕಾಗಿ ವಾರ್ನಾದಲ್ಲಿ ನೆಲೆಸಿ, ಮುಂದೆ ಅಲ್ಲಿ ನಾರ್ವೆ ದೇಶದ ಪ್ರತಿನಿಧಿಯಾಗಿಯೂ ಕೆಲಸ ಮಾಡಿದರು. ತಾಯಿ ಫ್ರಾಂಜಿಸ್ಕಾ ಚೆಕ್ ಮೂಲದವರು. ಮೂವರು ಮಕ್ಕಳಲ್ಲಿ ಫ್ರಿಟ್ಜ್ ಹಿರಿಯರು. ಆರು ವರ್ಷ ತುಂಬಿದಾಗ, 1904ರಲ್ಲಿ, ಅವರನ್ನು ಗ್ಲಾರಸ್‌ನಲ್ಲಿದ್ದ ಅಜ್ಜ ಅಜ್ಜಿಯರ ಮನೆಗೆ ಓದಲು ಕಳುಹಿಸಲಾಯಿತು. ಮಗ ವಾಣಿಜ್ಯ ಕಲಿತು ವ್ಯಾಪಾರಕ್ಕೆ ನೆರವಾಗಲಿ ಎಂಬುದು ಮನೆಯವರ ಆಸೆಯಾಗಿತ್ತು. ಹುಡುಗನ ಒಲವು ಗಣಿತ ಮತ್ತು ಭೌತಶಾಸ್ತ್ರಗಳ ಕಡೆಗೆ ಹೊರಳಿತು. ಸುತ್ತಲಿನ ಆಲ್ಪ್ಸ್ ಪರ್ವತಗಳು ಅವರನ್ನು ನುರಿತ ಪರ್ವತಾರೋಹಿಯನ್ನಾಗಿಯೂ ಮಾಡಿದವು.

ಜ್ಯೂರಿಕ್‌ನ ಸ್ವಿಸ್ ಒಕ್ಕೂಟ ತಂತ್ರಜ್ಞಾನ ಸಂಸ್ಥೆಯಲ್ಲಿ ಉನ್ನತ ಶಿಕ್ಷಣ ಪಡೆದ ಝ್ವಿಕಿ, ಪೀಟರ್ ಡಿಬೈ ಮತ್ತು ಪಾಲ್ ಶೆರರ್ ಅವರ ಮಾರ್ಗದರ್ಶನದಲ್ಲಿ ಅಯಾನಿಕ ಹರಳುಗಳ ಬಗ್ಗೆ ಸಂಶೋಧನೆ ನಡೆಸಿ 1922ರಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು. ಖಗೋಳವಿಜ್ಞಾನದಲ್ಲಿ ಅವರಿಗೆ ಔಪಚಾರಿಕ ಪದವಿ ಇರಲಿಲ್ಲ ಎಂಬುದು ಗಮನಾರ್ಹ. 1925ರಲ್ಲಿ ರಾಕ್‌ಫೆಲ್ಲರ್ ಧನಸಹಾಯದ ವಿದ್ಯಾರ್ಥಿವೇತನ ಪಡೆದು, ರಾಬರ್ಟ್ ಮಿಲಿಕನ್ ಅವರೊಡನೆ ಕೆಲಸ ಮಾಡಲು ಪ್ಯಾಸಡೀನಾದ ಕ್ಯಾಲ್‌ಟೆಕ್‌ಗೆ ಬಂದರು. ಬದುಕಿನ ಕೊನೆಯವರೆಗೂ ಅವರ ಕರ್ಮಭೂಮಿ ಅದೇ ಆಯಿತು. ಆದರೂ ಅವರು ಅಮೆರಿಕದ ಪೌರತ್ವವನ್ನು ಸ್ವೀಕರಿಸಲಿಲ್ಲ.

ಕ್ಯಾಲ್‌ಟೆಕ್‌ಗೆ ಸಮೀಪದಲ್ಲೇ ಮೌಂಟ್ ವಿಲ್ಸನ್ ವೀಕ್ಷಣಾಲಯವಿತ್ತು. ನಮ್ಮ ಆಕಾಶಗಂಗೆಯ ಹೊರಗೂ ಅಸಂಖ್ಯ ಗೆಲಾಕ್ಸಿಗಳಿವೆ ಎಂದು ಎಡ್ವಿನ್ ಹಬಲ್ ತೋರಿಸಿಕೊಟ್ಟದ್ದು ಅಲ್ಲಿಯೇ. ಹರಳುಗಳನ್ನು ಅಭ್ಯಸಿಸಲು ಬಂದ ಯುವ ಭೌತವಿಜ್ಞಾನಿ ಕೆಲವೇ ವರ್ಷಗಳಲ್ಲಿ ಆಕಾಶದ ಕಡೆಗೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. 1942ರಲ್ಲಿ ಅವರು ಅದೇ ಸಂಸ್ಥೆಯಲ್ಲಿ ಖಗೋಳವಿಜ್ಞಾನದ ಪ್ರಾಧ್ಯಾಪಕರಾದರು.

ಸೂಪರ್‌ನೋವಾ ಎಂಬ ಕಲ್ಪನೆ

ಕೆಲವು ನಕ್ಷತ್ರಗಳು ಇದ್ದಕ್ಕಿದ್ದಂತೆ ಸಾವಿರಾರು ಪಟ್ಟು ಬೆಳಗಿ, ಕ್ರಮೇಣ ಮಂಕಾಗುತ್ತವೆ. ಇವುಗಳಿಗೆ ನೋವಾ ಎಂದು ಹೆಸರು. ಕನ್ನಡದ ವಿಜ್ಞಾನ ಬರಹಗಳಲ್ಲಿ ನವ್ಯ ಎಂಬ ಪದವೂ ಬಳಕೆಯಲ್ಲಿದೆ. 1885ರಲ್ಲಿ ಆಂಡ್ರೊಮಿಡಾ ನೀಹಾರಿಕೆಯಲ್ಲಿ ಕಾಣಿಸಿಕೊಂಡ ಹೊಸ ನಕ್ಷತ್ರವನ್ನೂ ಆಗ ಒಂದು ನೋವಾ ಎಂದೇ ಬಗೆದಿದ್ದರು. ಆಂಡ್ರೊಮಿಡಾ ನಮ್ಮ ಆಕಾಶಗಂಗೆಯಿಂದ ಬಹುದೂರದಲ್ಲಿರುವ ಮತ್ತೊಂದು ಗೆಲಾಕ್ಸಿ ಎಂದು 1920ರ ದಶಕದಲ್ಲಿ ಖಚಿತವಾದಾಗ ಹೊಸ ತೊಡಕು ಎದುರಾಯಿತು. ಅಷ್ಟು ದೂರದಿಂದ ಅಷ್ಟು ಪ್ರಕಾಶವಾಗಿ ಕಂಡ ನಕ್ಷತ್ರವು ಸಾಮಾನ್ಯ ನೋವಾಗಳಿಗಿಂತ ಹಲವು ಸಾವಿರ ಪಟ್ಟು ಪ್ರಖರವಾಗಿದ್ದಿರಲೇಬೇಕು. ಸ್ವೀಡನ್ನಿನ ಲುಂಡ್‌ಮಾರ್ಕ್ ಅವರೂ ನೋವಾಗಳಲ್ಲಿ ಎರಡು ವರ್ಗಗಳಿರಬಹುದೆಂದು ಸೂಚಿಸಿದ್ದರು.

ಮೌಂಟ್ ವಿಲ್ಸನ್‌ನಲ್ಲಿದ್ದ ಜರ್ಮನಿಯ ಖಗೋಳವಿಜ್ಞಾನಿ ವಾಲ್ಟರ್ ಬಾಡೆ ಮತ್ತು ಝ್ವಿಕಿ ಈ ಪ್ರಶ್ನೆಯನ್ನು ಒಟ್ಟಾಗಿ ಕೈಗೆತ್ತಿಕೊಂಡರು. ಬಾಡೆ ಅವರದು ವೀಕ್ಷಣೆಯಲ್ಲಿ ಪಳಗಿದ ಕಣ್ಣು; ಝ್ವಿಕಿ ಅವರದು ಭೌತಶಾಸ್ತ್ರದ ಸಾಹಸಪ್ರಿಯ ಬುದ್ಧಿ. 1933ರ ಡಿಸೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಭೌತವಿಜ್ಞಾನಿಗಳ ಸಭೆಯಲ್ಲಿ ಮಂಡಿಸಿ, 1934ರಲ್ಲಿ ಪ್ರಕಟಿಸಿದ ತಮ್ಮ ಪ್ರಬಂಧಗಳಲ್ಲಿ ಇಬ್ಬರೂ ಮೂರು ಮಾತುಗಳನ್ನು ಹೇಳಿದರು. ಸೂಪರ್‌ನೋವಾ ಎಂಬ ಪ್ರತ್ಯೇಕ ವರ್ಗದ ಸ್ಫೋಟಗಳಿವೆ ಎಂಬುದು ಮೊದಲನೆಯದು. ಅಂತಹ ಸ್ಫೋಟದಲ್ಲಿ ಸಾಮಾನ್ಯ ನಕ್ಷತ್ರವೊಂದು ಬಹುತೇಕ ನ್ಯೂಟ್ರಾನ್‌ಗಳಿಂದಲೇ ಕೂಡಿದ, ಅತ್ಯಂತ ಚಿಕ್ಕದೂ ಅತಿ ಸಾಂದ್ರವೂ ಆದ ಕಾಯವಾಗಿ ಕುಸಿಯುತ್ತದೆ ಎಂಬುದು ಎರಡನೆಯದು. ಭೂಮಿಗೆ ಬಂದು ಬಡಿಯುವ ವಿಶ್ವಕಿರಣಗಳು ಈ ಸ್ಫೋಟಗಳಿಂದ ಹುಟ್ಟುತ್ತವೆ ಎಂಬುದು ಮೂರನೆಯದು.

ಜೇಮ್ಸ್ ಚಾಡ್ವಿಕ್ ಅವರು ನ್ಯೂಟ್ರಾನ್ ಕಣವನ್ನು ಕಂಡುಹಿಡಿದು ಆಗ ಎರಡು ವರ್ಷಗಳೂ ತುಂಬಿರಲಿಲ್ಲ. ಪ್ರಯೋಗಶಾಲೆಯಲ್ಲಿ ಈಗಷ್ಟೇ ಪರಿಚಯವಾದ ಕಣದಿಂದ ಇಡೀ ನಕ್ಷತ್ರವನ್ನು ಕಟ್ಟಿ ನಿಲ್ಲಿಸಿದ ಈ ಊಹೆಯನ್ನು ಹೆಚ್ಚಿನವರು ಗಂಭೀರವಾಗಿ ಪರಿಗಣಿಸಲಿಲ್ಲ. 1967ರಲ್ಲಿ ಜೋಸೆಲಿನ್ ಬೆಲ್ ಪಲ್ಸಾರ್‌ಗಳನ್ನು ಗುರುತಿಸಿದರು. ಮರುವರ್ಷ ಏಡಿ ನೀಹಾರಿಕೆಯ ಒಳಗೂ ಒಂದು ಪಲ್ಸಾರ್ ಪತ್ತೆಯಾಯಿತು. ಏಡಿ ನೀಹಾರಿಕೆಯು 1054ರಲ್ಲಿ ಚೀನಾದವರು ದಾಖಲಿಸಿದ ಸೂಪರ್‌ನೋವಾದ ಅವಶೇಷ. ಸ್ಫೋಟದ ಜಾಗದಲ್ಲೇ ನ್ಯೂಟ್ರಾನ್ ನಕ್ಷತ್ರ ಸಿಕ್ಕಿತು! ಪ್ರಬಂಧ ಪ್ರಕಟವಾಗಿ ಅಷ್ಟರಲ್ಲಿ 34 ವರ್ಷಗಳು ಸಂದಿದ್ದವು; ಝ್ವಿಕಿ ನಿವೃತ್ತಿಯ ವಯಸ್ಸನ್ನು ತಲುಪಿದ್ದರು.

ಪಾಲೊಮಾರ್ ಬೆಟ್ಟದ 18 ಅಂಗುಲದ ದೂರದರ್ಶಕ

ಊಹೆಯನ್ನು ಮಂಡಿಸಿ ಸುಮ್ಮನಾಗಿದ್ದರೆ ಝ್ವಿಕಿ ಇಂದು ಅಡಿಟಿಪ್ಪಣಿಯಲ್ಲಿ ಉಳಿಯುವ ಹೆಸರಾಗಿರುತ್ತಿದ್ದರೇನೋ. ಅವರು ಸೂಪರ್‌ನೋವಾಗಳನ್ನು ಹುಡುಕಿ ತೋರಿಸಲು ಹೊರಟರು. ಇದರಲ್ಲಿದ್ದ ಕಷ್ಟ ಸರಳ ಲೆಕ್ಕಕ್ಕೆ ಸಿಗುವಂಥದು. ಒಂದು ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಸಂಭವಿಸುವುದು ಹಲವು ನೂರು ವರ್ಷಗಳಿಗೊಮ್ಮೆ ಎಂದು ಆಗ ಎಣಿಸಲಾಗಿತ್ತು. ಒಂದೇ ಗೆಲಾಕ್ಸಿಯನ್ನು ನೋಡುತ್ತ ಕುಳಿತರೆ ಹತ್ತು ತಲೆಮಾರು ಕಾಯಬೇಕಾದೀತು. ನೂರಾರು ಗೆಲಾಕ್ಸಿಗಳನ್ನು ಏಕಕಾಲಕ್ಕೆ ಗಮನಿಸಿದರೆ ವರ್ಷಕ್ಕೆ ಒಂದೆರಡಾದರೂ ಸಿಗಬೇಕು. ಆದ್ದರಿಂದ ಬೇಕಾದದ್ದು ಆಕಾಶದ ಚಿಕ್ಕ ತುಣುಕನ್ನು ಆಳವಾಗಿ ನೋಡುವ ಭಾರೀ ದೂರದರ್ಶಕವಲ್ಲ. ವಿಶಾಲವಾದ ಪ್ರದೇಶವನ್ನು ಒಂದೇ ಬಾರಿಗೆ ಸ್ಪಷ್ಟವಾಗಿ ಸೆರೆಹಿಡಿಯುವ ಸಾಧನ.

1934ರಲ್ಲಿ ಝ್ವಿಕಿ ಕ್ಯಾಲ್‌ಟೆಕ್‌ನ ಕಟ್ಟಡವೊಂದರ ಮಾಳಿಗೆಯ ಮೇಲೆ ಮೂರೂಕಾಲು ಅಂಗುಲದ ಮಸೂರವಿದ್ದ ಕ್ಯಾಮೆರಾ ಅಳವಡಿಸಿ, ಕನ್ಯಾ ರಾಶಿಯ ಗೆಲಾಕ್ಸಿಗುಚ್ಛದ ಚಿತ್ರಗಳನ್ನು ತೆಗೆಯತೊಡಗಿದರು. ಒಂದೂ ಸೂಪರ್‌ನೋವಾ ಸಿಗಲಿಲ್ಲ. ಸಹೋದ್ಯೋಗಿಗಳಿಗೆ ಇದು ತಮಾಷೆಯ ವಿಷಯವಾಯಿತು.

ಪರಿಹಾರ ದೊರೆತದ್ದು ಜರ್ಮನಿಯ ಹ್ಯಾಂಬರ್ಗ್‌ನಿಂದ. ಬಾಲ್ಯದಲ್ಲಿ ಸಿಡಿಮದ್ದಿನ ಪ್ರಯೋಗ ಮಾಡಲು ಹೋಗಿ ಬಲಗೈ ಕಳೆದುಕೊಂಡಿದ್ದ ಬರ್ನ್‌ಹಾರ್ಡ್ ಸ್ಮಿಟ್ ಎಂಬ ದೃಗ್ವಿಜ್ಞಾನಿ, ಉಳಿದ ಒಂದೇ ಕೈಯಿಂದ ಮಸೂರಗಳನ್ನು ಉಜ್ಜಿ ಹೊಳಪಿಸುತ್ತಿದ್ದರು. ಗೋಳಾಕಾರದ ದರ್ಪಣದ ಮುಂದೆ ವಿಶೇಷ ವಕ್ರತೆಯ ತೆಳುಗಾಜೊಂದನ್ನು ಇರಿಸಿದರೆ ವಿಶಾಲ ಆಕಾಶವೂ ಅಂಚಿನವರೆಗೆ ಸ್ಪಷ್ಟವಾಗಿ ಮೂಡುತ್ತದೆ ಎಂದು ಅವರು 1930ರ ವೇಳೆಗೆ ತೋರಿಸಿದ್ದರು. ಬಾಡೆ ಹ್ಯಾಂಬರ್ಗ್‌ನಲ್ಲಿದ್ದಾಗ ಸ್ಮಿಟ್ ಅವರನ್ನು ಬಲ್ಲವರು. ಪಾಲೊಮಾರ್ ಬೆಟ್ಟದ ಮೇಲೆ 200 ಅಂಗುಲದ ಮಹಾದೂರದರ್ಶಕದ ಯೋಜನೆ ನಡೆಯುತ್ತಿದ್ದ ಕಾಲವದು. ಅದರ ಜೊತೆಗೆ 18 ಅಂಗುಲದ ಸ್ಮಿಟ್ ದೂರದರ್ಶಕವೊಂದು ಬೇಕೆಂದು ಝ್ವಿಕಿ ಪಟ್ಟುಹಿಡಿದರು. 1936ರಲ್ಲಿ ಅದು ಕೆಲಸ ಆರಂಭಿಸಿತು. ಪಾಲೊಮಾರ್‌ನ ಮೊದಲ ದೂರದರ್ಶಕ ಇದೇ. ಹೆಸರಾಂತ 200 ಅಂಗುಲದ್ದು ಬರಲು ಇನ್ನೂ ಹನ್ನೆರಡು ವರ್ಷಗಳಿದ್ದವು. 18 ಅಂಗುಲದ ಈ ಉಪಕರಣದ ನೋಟ ಸುಮಾರು ಎಂಟೂಮುಕ್ಕಾಲು ಡಿಗ್ರಿಗಳಷ್ಟು ಅಗಲವಿತ್ತು. ಹುಣ್ಣಿಮೆಯ ಚಂದ್ರನಂತಹ ಹದಿನೇಳು ಬಿಂಬಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೂ ಅದರೊಳಗೆ ಹಿಡಿಸುತ್ತಿದ್ದವು.

ಕೆಲಸದ ಕ್ರಮ ಹೀಗಿತ್ತು. ಗೆಲಾಕ್ಸಿಗಳು ದಟ್ಟವಾಗಿರುವ ಪ್ರದೇಶಗಳನ್ನು ಆರಿಸಿ, ಚಂದ್ರನಿಲ್ಲದ ರಾತ್ರಿಗಳಲ್ಲಿ ಪದೇ ಪದೇ ಛಾಯಾಚಿತ್ರ ತೆಗೆಯುವುದು. ಹಗಲು ಹೊಸ ಚಿತ್ರವನ್ನು ಹಳೆಯದರ ಜೊತೆಗಿಟ್ಟು ಸೂಕ್ಷ್ಮದರ್ಶಕದಡಿ ಒಂದೊಂದೇ ಗೆಲಾಕ್ಸಿಯನ್ನು ಹೋಲಿಸುವುದು. ಮೊದಲು ಇಲ್ಲದ ಚುಕ್ಕೆ ಕಂಡರೆ ಅದು ಫಿಲ್ಮಿನ ದೋಷವೇ, ದಾರಿಯಲ್ಲಿ ಹಾದುಹೋದ ಕ್ಷುದ್ರಗ್ರಹವೇ ಎಂದು ಪರೀಕ್ಷಿಸುವುದು. ಮರುದಿನವೂ ಚುಕ್ಕೆ ಅದೇ ಜಾಗದಲ್ಲಿದ್ದರೆ ದೊಡ್ಡ ದೂರದರ್ಶಕದವರಿಗೆ ಸುದ್ದಿ ಮುಟ್ಟಿಸುವುದು. ಸಹಾಯಕ ಜೋಸೆಫ್ ಜಾನ್ಸನ್ ಈ ಬೇಸರದ ಕೆಲಸದಲ್ಲಿ ಝ್ವಿಕಿ ಅವರ ಜೊತೆ ನಿಂತರು.

1937ರ ಆರಂಭದ ತಿಂಗಳುಗಳಲ್ಲಿ ಎನ್‌ಜಿಸಿ 4157 ಎಂಬ ಗೆಲಾಕ್ಸಿಯಲ್ಲಿ ಮೊದಲ ಸೂಪರ್‌ನೋವಾ ಸಿಕ್ಕಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಐಸಿ 4182 ಎಂಬ ಮಸುಕು ಗೆಲಾಕ್ಸಿಯಲ್ಲಿ ಕಂಡದ್ದು ಇನ್ನೂ ಮಹತ್ವದ್ದು. ಅದರ ಉಜ್ವಲತಾಂಕ 8.4ರ ಆಸುಪಾಸಿನಲ್ಲಿತ್ತು, ತಾನು ಹುಟ್ಟಿದ ಇಡೀ ಗೆಲಾಕ್ಸಿಗಿಂತ ಆ ಒಂದೇ ನಕ್ಷತ್ರ ಸುಮಾರು ನೂರುಪಟ್ಟು ಬೆಳಗುತ್ತಿತ್ತು. ಬಾಡೆ ಅದರ ಪ್ರಕಾಶ ದಿನದಿನಕ್ಕೆ ಹೇಗೆ ಇಳಿಯಿತೆಂದು ಅಳೆದರು. ರುಡಾಲ್ಫ್ ಮಿಂಕೋವ್‌ಸ್ಕಿ ರೋಹಿತಗಳನ್ನು ದಾಖಲಿಸಿದರು. 1941ರವರೆಗಿನ ಹುಡುಕಾಟದಲ್ಲಿ ಸುಮಾರು 20 ಸೂಪರ್‌ನೋವಾಗಳು ದೊರೆತವು. ಈ ಸಾಮಗ್ರಿಯ ಆಧಾರದ ಮೇಲೆಯೇ ಮಿಂಕೋವ್‌ಸ್ಕಿ 1941ರಲ್ಲಿ ಸೂಪರ್‌ನೋವಾಗಳನ್ನು ಒಂದನೇ ಮತ್ತು ಎರಡನೇ ಬಗೆ ಎಂದು ವಿಂಗಡಿಸಿದರು. ರೋಹಿತದಲ್ಲಿ ಜಲಜನಕದ ಗೆರೆಗಳು ಇಲ್ಲದಿದ್ದರೆ ಒಂದನೇ ಬಗೆ, ಇದ್ದರೆ ಎರಡನೇ ಬಗೆ. ಪಠ್ಯಪುಸ್ತಕಗಳಲ್ಲಿ ಇಂದಿಗೂ ಇರುವ ವಿಂಗಡಣೆ ಇದೇ.

ಯುದ್ಧದ ಕಾರಣ ನಿಂತ ಹುಡುಕಾಟವನ್ನು 1950ರ ದಶಕದ ಕೊನೆಯಲ್ಲಿ 48 ಅಂಗುಲದ ಸ್ಮಿಟ್ ದೂರದರ್ಶಕದ ನೆರವಿನಿಂದ ಮತ್ತೆ ಆರಂಭಿಸಲಾಯಿತು.

ಕೃಷ್ಣದ್ರವ್ಯ ಮತ್ತು ಗುರುತ್ವ ಮಸೂರ

1933ರಲ್ಲಿ ಝ್ವಿಕಿ ಸ್ವಿಟ್ಜರ್‌ಲೆಂಡಿನ ಪತ್ರಿಕೆಯೊಂದರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಕೋಮಾ ಗೆಲಾಕ್ಸಿಗುಚ್ಛದ ಸದಸ್ಯ ಗೆಲಾಕ್ಸಿಗಳು ಬಹಳ ವೇಗವಾಗಿ ಚಲಿಸುತ್ತಿದ್ದವು. ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವವಷ್ಟೇ ಇದ್ದಿದ್ದರೆ ಆ ಗುಚ್ಛ ಎಂದೋ ಚದುರಿಹೋಗಬೇಕಿತ್ತು. ಅದನ್ನು ಹಿಡಿದಿಟ್ಟಿರುವ, ಬೆಳಕು ಸೂಸದ ದ್ರವ್ಯ ಅಪಾರ ಪ್ರಮಾಣದಲ್ಲಿರಬೇಕು ಎಂಬುದು ಅವರ ತೀರ್ಮಾನ. ಬೆಳಗುವ ದ್ರವ್ಯಕ್ಕಿಂತ ಸುಮಾರು 400 ಪಟ್ಟು ಎಂದು ಅವರು ಲೆಕ್ಕ ಹಾಕಿದರು. ಆ ಕಾಲದಲ್ಲಿ ವಿಶ್ವದ ವಿಸ್ತರಣೆಯ ದರವನ್ನು ವಾಸ್ತವಕ್ಕಿಂತ ಬಹಳ ಹೆಚ್ಚೆಂದು ಎಣಿಸಿದ್ದರಿಂದ ಈ ಸಂಖ್ಯೆ ದೊಡ್ಡದಾಯಿತು. ತೀರ್ಮಾನದ ತಿರುಳು ಮಾತ್ರ ಬದಲಾಗಿಲ್ಲ. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಗೆಲಾಕ್ಸಿಗಳ ಭ್ರಮಣವನ್ನು ಅಳೆದ ನಂತರವೇ ಕೃಷ್ಣದ್ರವ್ಯದ ಪ್ರಶ್ನೆ ಖಗೋಳವಿಜ್ಞಾನದ ಮುಖ್ಯ ಪ್ರಶ್ನೆಗಳಲ್ಲೊಂದಾಯಿತು.

1937ರಲ್ಲಿ ಇನ್ನೊಂದು ಸೂಚನೆ ನೀಡಿದರು. ಗೆಲಾಕ್ಸಿಯ ಗುರುತ್ವವು ಅದರ ಹಿಂದಿರುವ ಕಾಯದ ಬೆಳಕನ್ನು ಬಾಗಿಸಿ ಮಸೂರದಂತೆ ವರ್ತಿಸಬಲ್ಲದು ಎಂದರು. ಇದಕ್ಕೆ ಮೊದಲ ಉದಾಹರಣೆ ದೊರೆತದ್ದು 1979ರಲ್ಲಿ, ಝ್ವಿಕಿ ತೀರಿಕೊಂಡ ಐದು ವರ್ಷಗಳ ಬಳಿಕ.

ಅವರ ಎಲ್ಲ ಊಹೆಗಳೂ ನಿಜವಾಗಲಿಲ್ಲ. ದೂರದ ಗೆಲಾಕ್ಸಿಗಳ ಬೆಳಕು ಕೆಂಪಿನ ಕಡೆಗೆ ಸರಿಯುವುದಕ್ಕೆ ವಿಶ್ವದ ವಿಸ್ತರಣೆ ಕಾರಣವಲ್ಲ, ಬೆಳಕೇ ದಾರಿಯಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ ಎಂದು 1929ರಲ್ಲಿ ಮಂಡಿಸಿದ ವಾದ ಕೈಬಿಟ್ಟುಹೋಯಿತು.

ಯುದ್ಧಕಾಲ ಮತ್ತು ರಾಕೆಟ್ ಸಂಶೋಧನೆ

ಎರಡನೆಯ ಮಹಾಯುದ್ಧದ ಸಮಯದಲ್ಲಿ ಝ್ವಿಕಿ ಏರೋಜೆಟ್ ಕಂಪನಿಯ ಸಂಶೋಧನಾ ನಿರ್ದೇಶಕರಾಗಿ ಜೆಟ್ ಎಂಜಿನ್ ಮತ್ತು ರಾಕೆಟ್‌ಗಳ ಮೇಲೆ ಕೆಲಸ ಮಾಡಿದರು. ಈ ಸೇವೆಗಾಗಿ 1949ರಲ್ಲಿ ಅಧ್ಯಕ್ಷ ಟ್ರೂಮನ್ ಅವರಿಂದ ಮೆಡಲ್ ಆಫ್ ಫ್ರೀಡಂ ಗೌರವ ದೊರೆಯಿತು. 1957ರ ಅಕ್ಟೋಬರ್ 16ರಂದು, ಸ್ಪುಟ್ನಿಕ್ ಉಡಾವಣೆಯಾದ 12 ದಿನಗಳ ಅನಂತರ, ಏರೋಬೀ ರಾಕೆಟ್‌ನಿಂದ ಲೋಹದ ಚಿಕ್ಕ ಗುಂಡುಗಳನ್ನು ಸಿಡಿಸಿ ಕೃತಕ ಉಲ್ಕೆಗಳನ್ನು ಉಂಟುಮಾಡಿದರು. ಅವುಗಳಲ್ಲಿ ಕೆಲವು ಭೂಮಿಯ ಗುರುತ್ವವನ್ನು ದಾಟಿ ಸೂರ್ಯನ ಸುತ್ತ ತಿರುಗತೊಡಗಿರಬಹುದೆಂದು ನಂಬಲಾಗಿದೆ.

ಯುದ್ಧದ ನಂತರ ಅವರು ಮಾಡಿದ ಇನ್ನೊಂದು ಕೆಲಸಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಬಾಂಬು ದಾಳಿಗೆ ಸಿಕ್ಕು ಹಾಳಾದ ಗ್ರಂಥಾಲಯಗಳಿಗಾಗಿ ವೈಜ್ಞಾನಿಕ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ವರ್ಷಗಟ್ಟಲೆ ಸಂಗ್ರಹಿಸಿ ಕಳುಹಿಸಿದರು. ಅನಾಥ ಮಕ್ಕಳಿಗಾಗಿ ಶ್ರಮಿಸುವ ಪೆಸ್ಟಲೋಟ್ಸಿ ಪ್ರತಿಷ್ಠಾನದಲ್ಲಿಯೂ ಸಕ್ರಿಯರಾಗಿದ್ದರು.

ಸ್ವಭಾವ

ಝ್ವಿಕಿ ಅವರದು ಮೃದು ಸ್ವಭಾವವಲ್ಲ. ತಮಗೆ ಒಪ್ಪಿಗೆಯಾಗದವರನ್ನು ಮುಖಕ್ಕೆ ಹೊಡೆದಂತೆ ಟೀಕಿಸುತ್ತಿದ್ದರು. ಸಹೋದ್ಯೋಗಿಗಳನ್ನು ಅವರು ಗೋಳಕ್ಕೆ ಹೋಲಿಸಿ, ಯಾವ ಕಡೆಯಿಂದ ನೋಡಿದರೂ ನೀಚರೇ ಎಂಬ ಅರ್ಥದಲ್ಲಿ ಬೈಯುತ್ತಿದ್ದ ಕಥೆ ಕ್ಯಾಲ್‌ಟೆಕ್‌ನಲ್ಲಿ ಬಹುಕಾಲ ಪ್ರಚಲಿತವಿತ್ತು. ಬಾಡೆ ಅವರೊಂದಿಗಿನ ಫಲವತ್ತಾದ ಸ್ನೇಹವೂ ಉಳಿಯಲಿಲ್ಲ. ಯುದ್ಧದ ವರ್ಷಗಳಲ್ಲಿ ಜರ್ಮನ್ ಮೂಲದ ಬಾಡೆ ಅವರನ್ನು ನಾಜಿ ಎಂದು ನಿಂದಿಸುವ ಮಟ್ಟಕ್ಕೆ ಮನಸ್ತಾಪ ಬೆಳೆಯಿತು. ಇದು ಅನ್ಯಾಯದ ಮಾತು. ಅವರ ಸರಿಯಾದ ಕಲ್ಪನೆಗಳು ಮೂಲೆಗುಂಪಾದದ್ದಕ್ಕೆ ಈ ನಾಲಿಗೆಯೂ ಕಾರಣ ಎಂದು ಅನೇಕರು ಬರೆದಿದ್ದಾರೆ. ಆದರೆ ಅದೊಂದೇ ಕಾರಣವೆನ್ನಲಾಗದು. ನ್ಯೂಟ್ರಾನ್ ನಕ್ಷತ್ರವನ್ನಾಗಲಿ ಗುರುತ್ವ ಮಸೂರವನ್ನಾಗಲಿ ಪರೀಕ್ಷಿಸುವ ಉಪಕರಣಗಳು 1930ರ ದಶಕದಲ್ಲಿ ಇರಲೇ ಇಲ್ಲ. ಕಿರಿಯರೊಡನೆ ಮತ್ತು ವಿದ್ಯಾರ್ಥಿಗಳೊಡನೆ ಅವರು ಹೆಚ್ಚು ಸೌಜನ್ಯದಿಂದ ಇರುತ್ತಿದ್ದರೆಂದೂ ಹೇಳುತ್ತಾರೆ.

1932ರಲ್ಲಿ ಡೊರೊಥಿ ಗೇಟ್ಸ್ ಅವರನ್ನು ವಿವಾಹವಾದರು. ಆಕೆಯ ಕುಟುಂಬದ ಹಣ ಆರ್ಥಿಕ ಕುಸಿತದ ಕಾಲದಲ್ಲಿ ಪಾಲೊಮಾರ್ ಕೆಲಸಕ್ಕೂ ಒದಗಿತು. 1941ರಲ್ಲಿ ಇಬ್ಬರೂ ಸೌಹಾರ್ದದಿಂದಲೇ ಬೇರೆಯಾದರು. 1947ರಲ್ಲಿ ಸ್ವಿಟ್ಜರ್‌ಲೆಂಡಿನ ಅನ್ನಾ ಮಾರ್ಗರಿಟಾ ಜ್ಯೂರ್ಖರ್ ಅವರೊಂದಿಗೆ ಎರಡನೆಯ ವಿವಾಹವಾಯಿತು. ಈ ದಂಪತಿಗೆ ಮೂವರು ಹೆಣ್ಣುಮಕ್ಕಳು.

ಗೆಲಾಕ್ಸಿಗಳ ಪಟ್ಟಿ ಮತ್ತು ಕೊನೆಯ ವರ್ಷಗಳು

1961ರಿಂದ 1968ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ಗೆಲಾಕ್ಸಿಗಳ ಮತ್ತು ಗೆಲಾಕ್ಸಿಗುಚ್ಛಗಳ ಪಟ್ಟಿ ಝ್ವಿಕಿ ಮತ್ತು ಸಹಾಯಕರ ಇನ್ನೊಂದು ದೊಡ್ಡ ಸಾಧನೆ. 48 ಅಂಗುಲದ ದೂರದರ್ಶಕದ ಚಿತ್ರಗಳನ್ನು ಪರಿಶೀಲಿಸಿ ಸುಮಾರು 30,000 ಗೆಲಾಕ್ಸಿಗಳನ್ನೂ 9,000ಕ್ಕೂ ಹೆಚ್ಚು ಗುಚ್ಛಗಳನ್ನೂ ಇದರಲ್ಲಿ ನಮೂದಿಸಿದ್ದಾರೆ. 1968ರಲ್ಲಿ ನಿವೃತ್ತರಾದರು. 1972ರಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ತನ್ನ ಚಿನ್ನದ ಪದಕ ನೀಡಿತು. 1974ರ ಫೆಬ್ರುವರಿ 8ರಂದು, 76ನೆಯ ಹುಟ್ಟುಹಬ್ಬಕ್ಕೆ ಆರು ದಿನಗಳಿರುವಾಗ, ಪ್ಯಾಸಡೀನಾದಲ್ಲಿ ನಿಧನರಾದರು. ಗ್ಲಾರಸ್ ಪ್ರಾಂತ್ಯದ ಮೊಲ್ಲಿಸ್ ಗ್ರಾಮದಲ್ಲಿ ಅವರ ಸಮಾಧಿಯಿದೆ.

ಕ್ಷುದ್ರಗ್ರಹಗಳ ಹುಡುಕಾಟ

ಸೂಪರ್‌ನೋವಾಗಾಗಿ ಚಿತ್ರ ಹೋಲಿಸುವಾಗ ಕ್ಷುದ್ರಗ್ರಹ ಒಂದು ಉಪದ್ರವ. ಸೂಪರ್‌ನೋವಾ ತನ್ನ ಸ್ಥಾನ ಬಿಟ್ಟು ಕದಲುವುದಿಲ್ಲ. ಕ್ಷುದ್ರಗ್ರಹ ನಕ್ಷತ್ರಗಳ ನಡುವೆ ಸರಿಯುತ್ತ ಚಿತ್ರದಲ್ಲಿ ಪುಟ್ಟ ಗೀಟಾಗಿ ಮೂಡುತ್ತದೆ. ಭೂಮಿಗೆ ಸಮೀಪವಿದ್ದಷ್ಟೂ ಗೀಟು ಸಾಮಾನ್ಯವಾಗಿ ಉದ್ದ. ಒಬ್ಬರಿಗೆ ಬೇಡದ್ದು ಇನ್ನೊಬ್ಬರಿಗೆ ಬೇಕಾದದ್ದು! ಹೀಗಾಗಿ ಝ್ವಿಕಿ ಪದ್ಧತಿ ಭೂಸಮೀಪದ ಕ್ಷುದ್ರಗ್ರಹಗಳ ಶೋಧಕ್ಕೂ ಒದಗಿತು. ಅವರೊಡನೆ ಪಾಲೊಮಾರ್‌ನಲ್ಲಿ ದುಡಿದಿದ್ದ ಪಾಲ್ ವೈಲ್ಡ್ ಸ್ವಿಟ್ಜರ್‌ಲೆಂಡಿಗೆ ಮರಳಿ ಸೂಪರ್‌ನೋವಾಗಳ ಜೊತೆಗೆ ಸಿಸಿಫಸ್ ಎಂಬ ಭೂಸಮೀಪದ ಕ್ಷುದ್ರಗ್ರಹವನ್ನೂ ಕಂಡುಹಿಡಿದರು. ಸೂಪರ್‌ನೋವಾ ಹುಡುಕಾಟವನ್ನು ಪಾಲೊಮಾರ್‌ನಲ್ಲಿ ಮುಂದುವರಿಸಿದ ಚಾರ್ಲ್ಸ್ ಕೋವಾಲ್ 1972ರಲ್ಲಿ ಎನ್‌ಜಿಸಿ 5253 ಗೆಲಾಕ್ಸಿಯ ಉಜ್ವಲ ಸೂಪರ್‌ನೋವಾವನ್ನೂ 1973ರಲ್ಲಿ ಮಿಡಾಸ್ ಎಂಬ ಭೂಸಮೀಪದ ಕ್ಷುದ್ರಗ್ರಹವನ್ನೂ ಗುರುತಿಸಿದರು.

ಹಳೆಯ 18 ಅಂಗುಲದ ದೂರದರ್ಶಕವೂ ಎರಡನೆಯ ಬದುಕು ಕಂಡಿತು. 1973ರಲ್ಲಿ, ಝ್ವಿಕಿ ಇನ್ನೂ ಬದುಕಿದ್ದಾಗಲೇ, ಎಲಿನಾರ್ ಹೆಲಿನ್ ಮತ್ತು ಯುಜೀನ್ ಶೂಮೇಕರ್ ಗ್ರಹಗಳ ಕಕ್ಷೆಯನ್ನು ದಾಟುವ ಕ್ಷುದ್ರಗ್ರಹಗಳನ್ನು ಹುಡುಕಲು ಅದನ್ನು ಬಳಸತೊಡಗಿದರು. 1976ರ ಜನವರಿಯಲ್ಲಿ ಹೆಲಿನ್ ಪತ್ತೆಹಚ್ಚಿದ ಆಟನ್, ಭೂಮಿಗಿಂತ ಚಿಕ್ಕ ಕಕ್ಷೆಯುಳ್ಳ ಒಂದು ಇಡೀ ಕ್ಷುದ್ರಗ್ರಹ ವರ್ಗಕ್ಕೆ ಹೆಸರು ಕೊಟ್ಟಿತು. ಕ್ಯಾರೊಲಿನ್ ಶೂಮೇಕರ್, ಯುಜೀನ್ ಶೂಮೇಕರ್ ಮತ್ತು ಡೇವಿಡ್ ಲೆವಿ 1993ರ ಮಾರ್ಚ್‌ನಲ್ಲಿ ತುಂಡುತುಂಡಾದ ಧೂಮಕೇತುವೊಂದನ್ನು ಕಂಡದ್ದೂ ಇದೇ ದೂರದರ್ಶಕದಲ್ಲಿ. ಶೂಮೇಕರ್–ಲೆವಿ 9 ಎಂಬ ಆ ಧೂಮಕೇತು 1994ರ ಜುಲೈನಲ್ಲಿ ಗುರುಗ್ರಹಕ್ಕೆ ಅಪ್ಪಳಿಸಿದ್ದನ್ನು ಜಗತ್ತೇ ನೋಡಿತು. ಆಕಾಶಕಾಯಗಳ ಢಿಕ್ಕಿ ಬರಿಯ ಪುರಾತನ ಇತಿಹಾಸವಲ್ಲ ಎಂಬ ಅರಿವು ಜನಸಾಮಾನ್ಯರಲ್ಲಿ ಮೂಡಿದ್ದು ಆಗ.

ಸ್ಮರಣೆ

ಪಾಲ್ ವೈಲ್ಡ್ 1967ರಲ್ಲಿ ಕಂಡುಹಿಡಿದ 1803ನೆಯ ಕ್ಷುದ್ರಗ್ರಹಕ್ಕೆ ಝ್ವಿಕಿ ಎಂದು ಹೆಸರಿಡಲಾಗಿದೆ. ಚಂದ್ರನ ಮೇಲೆ ಒಂದು ಕುಳಿಗೂ ಅವರ ಹೆಸರಿದೆ. 48 ಅಂಗುಲದ ಸ್ಮಿಟ್ ದೂರದರ್ಶಕಕ್ಕೆ ದೊಡ್ಡ ವಿದ್ಯುನ್ಮಾನ ಕ್ಯಾಮೆರಾ ಜೋಡಿಸಿ 2018ರಿಂದ ನಡೆಸುತ್ತಿರುವ ಆಕಾಶ ಸಮೀಕ್ಷೆಗೆ ಝ್ವಿಕಿ ಟ್ರಾನ್ಸಿಯಂಟ್ ಫೆಸಿಲಿಟಿ ಎಂದು ಹೆಸರು. ಒಂದೇ ಚಿತ್ರದಲ್ಲಿ 47 ಚದರ ಡಿಗ್ರಿ ಆಕಾಶವನ್ನು ಹಿಡಿಯುವ ಈ ವ್ಯವಸ್ಥೆ 2024ರ ಅಂತ್ಯದ ವೇಳೆಗೆ 10,000ಕ್ಕೂ ಹೆಚ್ಚು ಸೂಪರ್‌ನೋವಾಗಳ ವರ್ಗೀಕರಣಕ್ಕೆ ಕಾರಣವಾಗಿದೆ. ಕಕ್ಷೆ ಸಂಪೂರ್ಣವಾಗಿ ಶುಕ್ರಗ್ರಹದ ಕಕ್ಷೆಯೊಳಗೇ ಇರುವ ಮೊದಲ ಕ್ಷುದ್ರಗ್ರಹವನ್ನೂ 2020ರಲ್ಲಿ ಇದೇ ಸಮೀಕ್ಷೆ ಪತ್ತೆಹಚ್ಚಿತು.

ಈ ಸಮೀಕ್ಷೆ ಸೂಚಿಸುವ ಹೊಸ ಕಾಯಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಬೆಳಗಾದ ಮೇಲೆ ಬೇರೆ ದೇಶಗಳಿಂದ ಗಮನಿಸಬೇಕಾಗುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಬಾಂಬೆ ಐಐಟಿ ಜೊತೆಗೂಡಿ ಸ್ಥಾಪಿಸಿದ 0.7 ಮೀಟರಿನ ಗ್ರೋತ್–ಇಂಡಿಯಾ ದೂರದರ್ಶಕ, ಸೂಪರ್‌ನೋವಾ ಮತ್ತು ಭೂಸಮೀಪದ ಕ್ಷುದ್ರಗ್ರಹಗಳೆರಡನ್ನೂ ಹೀಗೆ ಹಿಂಬಾಲಿಸುತ್ತಿದೆ. ಝ್ವಿಕಿ ಬಳಸಿದ 18 ಅಂಗುಲದ ದೂರದರ್ಶಕ ಈಗ ಕೆಲಸದಿಂದ ನಿವೃತ್ತವಾಗಿದ್ದು, ಪಾಲೊಮಾರ್‌ನಲ್ಲಿ ಸಂದರ್ಶಕರ ವೀಕ್ಷಣೆಗೆ ಇರಿಸಲಾಗಿದೆ.